ಹೆಲಿಕಾಪ್ಟರ್ ಕಲಿಯುವವರಿಗೆ ಸದ್ದಡಗಿಸುವ ಹೆಡ್‌ಸೆಟ್: ಬೇಡ ಎನ್ನುವ ಮೊದಲು ಹಾರ್ನ್ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಪಿಯುಸಿ ಮುಗಿಸಿ ಹೆಲಿಕಾಪ್ಟರ್ ಪೈಲಟ್ ಆಗಲು ಹೊರಡುವ ನಮ್ಮ ಹುಡುಗ ಹುಡುಗಿಯರ ಸಂಖ್ಯೆ ದೊಡ್ಡದೇನಲ್ಲ. ಆದರೆ ಹೊರಟವರ ಮನೆಯಲ್ಲಿ ಖರೀದಿ ಪಟ್ಟಿ ಬರೆಯುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. ಸದ್ದಡಗಿಸುವ ಹೆಡ್‌ಸೆಟ್ ಕೊಡಿಸಬೇಕೆ, ಸಾದಾ ಹೆಡ್‌ಸೆಟ್ ಸಾಕೆ? ಬ್ಯಾಟರಿಯಿಂದ ನಡೆಯುವ, ಹಾರುವವರು ಎಎನ್‌ಆರ್ ಎಂದು ಕರೆಯುವ ಈ ಹೆಡ್‌ಸೆಟ್‌ಗಳ ಪೈಕಿ ಹೆಸರಾದವುಗಳ ಬೆಲೆ ಸಾವಿರ ಡಾಲರ್ ದಾಟುತ್ತದೆ. ಸಾದಾ ಹೆಡ್‌ಸೆಟ್ ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ. ದುಡ್ಡಿನ ಮಾತು ಹಾಗಿರಲಿ. ಅಮೆರಿಕಕ್ಕೋ ಬೇರೆ ದೇಶಕ್ಕೋ ಹೋಗಿ ರಾಬಿನ್ಸನ್ ಆರ್22, ಆರ್44 ಯಂತ್ರಗಳಲ್ಲಿ ಕಲಿಯುವ ಮಕ್ಕಳಿಗೆ ಕೆಲವು ಹಿರಿಯ ಇನ್‌ಸ್ಟ್ರಕ್ಟರುಗಳು, 'ಮೊದಲ 50 ಗಂಟೆ ಅದನ್ನು ಮುಟ್ಟಲೇಬೇಡ, ಯಂತ್ರದ ಸದ್ದು ಕೇಳುವುದನ್ನು ಕಲಿ' ಎನ್ನುತ್ತಾರೆ. ಇನ್ನು ಕೆಲವರು ತಾವೇ ಅದನ್ನು ಹಾಕಿಕೊಂಡು, ವಿದ್ಯಾರ್ಥಿಗೂ ಹಾಕಿಸಿ, ಆ ಬಗ್ಗೆ ಒಂದು ಮಾತೂ ಆಡದೆ ಹಾರಿಸುತ್ತಾರೆ. ಎರಡೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಮೊದಲ ಪಾಠದಿಂದಲೇ ಎಎನ್‌ಆರ್ ಹಾಕಿಕೊಳ್ಳಲಿ. ಆದರೆ ಅದೇ ಹೆಡ್‌ಸೆಟ್ ಕಿವಿ ಮೇಲಿರುವಾಗ ತಲೆಯ ಮೇಲೆ ತಿರುಗುವ ರೆಕ್ಕೆಗಳ, ಅಂದರೆ ರೋಟರಿನ, ಸುತ್ತು ಇಳಿದಾಗ ಕೂಗುವ ಎಚ್ಚರಿಕೆಯ ಹಾರ್ನ್ ಕೇಳುತ್ತದೆ ಎಂದು ನೆಲದ ಮೇಲೆ ಪ್ರತಿಸಲ ಖಾತ್ರಿಯಾಗದೆ ಮೇಲೇಳಬಾರದು, ಮತ್ತು ಸದ್ದು ಕೇಳುವ ಪಾಠವನ್ನು ಬೇರೆಯಾಗಿಯೇ ಕಲಿಸಬೇಕು.

ಬೇಡ ಎನ್ನುವವರ ಮಾತಿನಲ್ಲಿ ಹುರುಳಿದೆ. ಆರ್22ರ ರೋಟರ್ ಹಗುರ, ರೆಕ್ಕೆ ಎರಡೇ. ಒಮ್ಮೆ ತಿರುಗಿಸಿಬಿಟ್ಟರೆ ಬಹಳ ಹೊತ್ತು ತಿರುಗುವ ಭಾರದ ಚಕ್ರ ಅದಲ್ಲ. ಎಂಜಿನ್ ನಿಂತಾಗಲೋ, ಶಕ್ತಿ ಸಾಲದಿದ್ದರೂ ಪೈಲಟ್ ಕಲೆಕ್ಟಿವ್ (ಯಂತ್ರವನ್ನು ಏರಿಸಿಳಿಸುವ, ಸೀಟಿನ ಪಕ್ಕದ ಸನ್ನೆ) ಎತ್ತುತ್ತಲೇ ಹೋದಾಗಲೋ ರೋಟರಿನ ಸುತ್ತು ಸರ್ರನೆ ಇಳಿಯುತ್ತದೆ. ಕಲೆಕ್ಟಿವ್ ಕೆಳಗಿಳಿಸಲು ಸಿಗುವುದು ಒಂದೆರಡು ಸೆಕೆಂಡು. ಸುತ್ತು ಅಳೆಯುವ ಸೂಚಿ ಶೇ 97ಕ್ಕೆ ಬಂದಾಗ (ಹಾರಾಟದ ಮಾಮೂಲು ಮಟ್ಟ ಶೇ 104) ಹಾರ್ನ್ ಕೂಗುತ್ತದೆ, ಮುಂದಿನ ಫಲಕದಲ್ಲಿ ದೀಪ ಹತ್ತುತ್ತದೆ. ಅಲ್ಲಿಂದಲೂ ಇಳಿಯಲು ಬಿಟ್ಟರೆ ಶೇ 80ರ ಆಸುಪಾಸಿನಲ್ಲಿ ರೆಕ್ಕೆಗಳು ಗಾಳಿಯ ಮೇಲಿನ ಹಿಡಿತ ಕಳೆದುಕೊಳ್ಳುತ್ತವೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಅದಕ್ಕೆ ಶೇ 1 ಸೇರಿಸಿಕೊಳ್ಳಬೇಕು ಎಂಬುದು ತಯಾರಕರು ಕೊಟ್ಟ ಲೆಕ್ಕ. ಅಂದರೆ ಬೆಂಗಳೂರಿನಂತೆ 3,000 ಅಡಿ ಎತ್ತರದ ಊರಲ್ಲಿ ಶೇ 83. ಅಲ್ಲಿಗೆ ಮುಟ್ಟಿದ ಮೇಲೆ ವಾಪಸು ಬರುವ ದಾರಿಯಿಲ್ಲ. ಹೀಗಾಗಿಯೇ ಅಮೆರಿಕದಲ್ಲಿ 1995ರಿಂದ ಆರ್22, ಆರ್44 ಹಾರಿಸುವವರಿಗೆ ರೋಟರ್ ಸುತ್ತು ಕುಸಿಯುವುದನ್ನು ಗುರುತಿಸಿ ಸರಿಪಡಿಸುವ ಪ್ರತ್ಯೇಕ ತರಬೇತಿ ಕಡ್ಡಾಯವಾಗಿದೆ. ಇಂಥ ಯಂತ್ರದಲ್ಲಿ ಕಿವಿ ಮುಚ್ಚುವ ಸಾಧನ ಬೇಕೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆಯೇ.

ಹಳೆಯ ಇನ್‌ಸ್ಟ್ರಕ್ಟರುಗಳು 'ಸದ್ದು ಕೇಳು' ಎನ್ನುವುದು ಯಾವ ಸದ್ದನ್ನು ಎಂದು ಬಿಡಿಸಿ ನೋಡೋಣ. ಆರ್22 ಹಾರುವಾಗ ಸೂಚಿ ಶೇ 104ರ ಮೇಲಿರುತ್ತದೆ. ಆಗ ಎಂಜಿನ್ ನಿಮಿಷಕ್ಕೆ 2,652 ಸುತ್ತು, ರೋಟರ್ 530 ಸುತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಸುತ್ತಿಗೆ ಎರಡು ಸಲ ಸಿಡಿಯುತ್ತದೆ, ಆದ್ದರಿಂದ ಅದರ ಮೂಲ ದನಿ ಸೆಕೆಂಡಿಗೆ ಸುಮಾರು 88 ಕಂಪನದ್ದು. ಎರಡು ರೆಕ್ಕೆಯ ರೋಟರಿನ ಬಡಿತ ಸೆಕೆಂಡಿಗೆ 17-18 ಸಲ. ಇದು ಕಿವಿಗಿಂತ ಹೆಚ್ಚಾಗಿ ಸೀಟಿನ ಮೂಲಕ ಬೆನ್ನಿಗೆ, ಹಿಂದೆ ಮುಂದೆ, ಅಕ್ಕಪಕ್ಕಕ್ಕೆ ಹಾರಿಸುವ ಸೈಕ್ಲಿಕ್ ಕೋಲನ್ನು ಹಿಡಿದ ಕೈಗೆ ಗೊತ್ತಾಗುವಂಥದ್ದು. ಯಾವ ಹೆಡ್‌ಸೆಟ್ ಹಾಕಿದರೂ ಅದು ಹಾಗೆಯೇ ತಿಳಿಯುತ್ತದೆ.

ಸುತ್ತು ಶೇ 104ರಿಂದ ಹಾರ್ನ್ ಕೂಗುವ ಶೇ 97ಕ್ಕೆ ಇಳಿದಾಗ ಎಂಜಿನ್ನಿನ ಆ 88 ಕಂಪನ 82ರ ಸಮೀಪಕ್ಕೆ ಬರುತ್ತದೆ. ಸಂಗೀತ ಬಲ್ಲವರಿಗೆ ಹೇಳುವುದಾದರೆ ಮೇಲಿನ ಷಡ್ಜದಿಂದ ಕಾಕಲಿ ನಿಷಾದಕ್ಕೆ ಜಾರಿದಷ್ಟು. ಎರಡು ಸ್ವರವನ್ನೂ ಒಂದರ ಪಕ್ಕ ಒಂದಿಟ್ಟು ನುಡಿಸಿದರೆ ಎಂಥವರಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ನಾಲ್ಕೈದು ಸೆಕೆಂಡಿನಲ್ಲಿ ನಿಧಾನಕ್ಕೆ ಜಾರಿದರೆ, ಅದರಲ್ಲೂ ಹುಡುಗ ಹೋವರ್ ಮಾಡಲು (ಗಾಳಿಯಲ್ಲಿ ಒಂದೇ ಕಡೆ ನಿಲ್ಲಲು) ಹೆಣಗುತ್ತ, ಇನ್‌ಸ್ಟ್ರಕ್ಟರ್ ಮಾತಾಡುತ್ತ, ರೇಡಿಯೊ ಬೇರೆ ಕರೆಯುತ್ತಿದ್ದರೆ, ಪಳಗದ ಕಿವಿಗೆ ಅದು ಕೇಳುವುದಿಲ್ಲ. ಸಾದಾ ಹೆಡ್‌ಸೆಟ್ಟಿನಲ್ಲೂ ಕೇಳುವುದಿಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಇಂದಿನ ವಿದ್ಯಾರ್ಥಿಯ ಕಿವಿ ಪಳಗದೇ ಇರುವುದಕ್ಕೆ ಮುಖ್ಯ ಕಾರಣ ಗವರ್ನರ್. ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಮಾಡುವ ಥ್ರಾಟಲನ್ನು ತಾನೇ ತಿರುವಿ ಸುತ್ತನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಈ ಸಾಧನ ಒಳ್ಳೆಯದೇ, ಅದು ಪ್ರಾಣ ಉಳಿಸಿದೆ. ಆದರೆ ಅದು ಕೆಲಸ ಮಾಡುತ್ತಿರುವಷ್ಟು ಹೊತ್ತೂ ಎಂಜಿನ್ನಿನ ಶ್ರುತಿ ಬದಲಾಗುವುದೇ ಇಲ್ಲ. ಬದಲಾಗದ ಶ್ರುತಿಯನ್ನು ಕೇಳಿ ಕೇಳಿ ಬದಲಾವಣೆಯನ್ನು ಗುರುತಿಸಲು ಕಲಿಯುವುದು ಹೇಗೆ? ಇನ್ನೂ ಒಂದು: ಕಾರ್ಬುರೇಟರಿನಲ್ಲಿ ಮಂಜುಗಟ್ಟಿ ಶಕ್ತಿ ಕುಂದಿದಾಗ ಗವರ್ನರ್ ಸದ್ದಿಲ್ಲದೆ ಥ್ರಾಟಲ್ ತೆರೆದು ಅದನ್ನು ಮುಚ್ಚಿಹಾಕುತ್ತದೆ. ಸುತ್ತು ಇಳಿಯುವುದಿಲ್ಲ, ಸದ್ದು ಬದಲಾಗುವುದಿಲ್ಲ; ಥ್ರಾಟಲ್ ಪೂರ್ತಿ ತೆರೆದು ಮುಗಿದ ಮೇಲೆ ಎಲ್ಲ ಒಟ್ಟಿಗೇ ಗೊತ್ತಾಗುತ್ತದೆ. ಸಾದಾ ಹೆಡ್‌ಸೆಟ್ ಹಾಕಿಸಿ, ಗವರ್ನರ್ ಚಾಲೂ ಇಟ್ಟು 50 ಗಂಟೆ ಹಾರಿಸಿದರೆ 'ಕೇಳುವ ಕಿವಿ' ಬಂದುಬಿಡುತ್ತದೆ ಎನ್ನುವುದು ತಪ್ಪು ಲೆಕ್ಕ.

ಇನ್ನು ಎಎನ್‌ಆರ್ ನಿಜವಾಗಿ ಮಾಡುವುದೇನು? ಕಿವಿಯ ಬಟ್ಟಲೊಳಗೆ ಒಂದು ಪುಟ್ಟ ಮೈಕ್ ಇರುತ್ತದೆ. ಒಳಗೆ ನುಸುಳಿ ಬಂದ ಸದ್ದನ್ನು ಅದು ಹಿಡಿದು, ತಿರುಗುಮುರುಗಾದ ಅಲೆಯನ್ನು ಒಳಗಿನ ಸ್ಪೀಕರಿನಿಂದ ಹೊರಡಿಸುತ್ತದೆ. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಈ ಆಟ ನಿಧಾನದ ಅಲೆಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಸೆಕೆಂಡಿಗೆ ಕೆಲವು ನೂರು ಕಂಪನದವರೆಗೆ ಬಲವಾಗಿ, ಸಾವಿರದ ಹತ್ತಿರ ಬರುವಷ್ಟರಲ್ಲಿ ಬಹುತೇಕ ಶೂನ್ಯ. ಅದಕ್ಕಿಂತ ಮೇಲಿನ ಕಿರುಚು ದನಿಗಳನ್ನು ತಡೆಯುವುದು ಬಟ್ಟಲು ಮತ್ತು ಅದರ ಅಂಚಿನ ಮೆತ್ತೆ ಮಾತ್ರ. ಆ ಕೆಲಸವನ್ನು ಸಾದಾ ಹೆಡ್‌ಸೆಟ್ಟೂ ಅಷ್ಟೇ ಮಾಡುತ್ತದೆ, ಕೆಲವೊಮ್ಮೆ ಹೆಚ್ಚೇ ಮಾಡುತ್ತದೆ.

ಹಾರ್ನಿನ ದನಿ ಎಂಜಿನ್ನಿನ ಗುಡುಗಿಗಿಂತ ಬಹಳ ಮೇಲಿನದು. ಹಾಗಾಗಿ ಎಎನ್‌ಆರ್ ಅದನ್ನು ಹೆಚ್ಚೇನೂ ತಿನ್ನುವುದಿಲ್ಲ, ಅದರ ಸುತ್ತಲಿನ ಗುಡುಗನ್ನು ತಿನ್ನುತ್ತದೆ. ಹಿಟ್ಟಿನ ಗಿರಣಿಯೊಳಗೆ ನಿಂತವರಿಗೆ ಬಾಗಿಲಾಚೆಯ ಸೈಕಲ್ ಬೆಲ್ ಕೇಳುವುದಿಲ್ಲ, ಗಿರಣಿ ನಿಲ್ಲಿಸಿದೊಡನೆ ಕೇಳುತ್ತದೆ. ತಗ್ಗಿನ ದೊಡ್ಡ ಸದ್ದು ಮೇಲಿನ ಸಣ್ಣ ಸದ್ದನ್ನು ಮುಚ್ಚಿಬಿಡುವುದು ನಮ್ಮ ಕಿವಿಯ ರಚನೆಯಲ್ಲೇ ಇದೆ. ಆದ್ದರಿಂದ ಹಾರ್ನಿನ ಮಟ್ಟಿಗೆ, ರೇಡಿಯೊದಲ್ಲಿ ಬರುವ ಮಾತಿನ ಮಟ್ಟಿಗೆ ಎಎನ್‌ಆರ್ ಸಾಮಾನ್ಯವಾಗಿ ಉಪಕಾರವನ್ನೇ ಮಾಡುತ್ತದೆ. ಸಾಮಾನ್ಯವಾಗಿ ಎಂದದ್ದು ಸುಮ್ಮನೆ ಅಲ್ಲ. ಕೆಲವು ಯಂತ್ರಗಳಲ್ಲಿ ಹಾರ್ನಿನ ಸದ್ದು ಇಂಟರ್‌ಕಾಮ್ ಮೂಲಕ ನೇರ ಹೆಡ್‌ಸೆಟ್ಟಿಗೇ ಬರುತ್ತದೆ, ಕೆಲವು ಹಳೆಯ ಯಂತ್ರಗಳಲ್ಲಿ ಕ್ಯಾಬಿನ್ನಿನ ಗಾಳಿಯಲ್ಲಷ್ಟೇ ಕೂಗುತ್ತದೆ. ಎರಡನೆಯ ಬಗೆಯದರಲ್ಲಿ ಹಾರ್ನ್ ಮಂದವಾಗಿದ್ದು ಬಟ್ಟಲು ದಪ್ಪವಾಗಿದ್ದರೆ ಕೇಳದೇ ಹೋಗಬಹುದು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2007ರ ಜನವರಿಯಲ್ಲೇ ಈ ಬಗ್ಗೆ ಸೂಚನೆ ಕೊಟ್ಟಿದೆ: ಇಂಟರ್‌ಕಾಮಿನ ಮೂಲಕ ಬಾರದ ಎಚ್ಚರಿಕೆಯ ಸದ್ದುಗಳು ಈ ಹೆಡ್‌ಸೆಟ್ ಹಾಕಿದಾಗ ಕೇಳುತ್ತವೆಯೇ ನೋಡಿಕೊಳ್ಳಿ, ಕೇಳದಿದ್ದರೆ ಬೇರೆ ದಾರಿ ಹುಡುಕಿ, ಇಲ್ಲವೇ ಬಳಸುವುದನ್ನು ಬಿಡಿ. ಇದಕ್ಕಿಂತ ಸರಳವಾದ ನಿಯಮ ಬೇಕಿಲ್ಲ. ಪಾಲಿಸುವವರು ಬೇಕು.

ನೋಡಿಕೊಳ್ಳುವುದು ಕಷ್ಟವೂ ಅಲ್ಲ, ಪಟ್ಟಿಯಲ್ಲಿ ಈಗಾಗಲೇ ಇರುವ ಹೆಜ್ಜೆಗೆ ಸ್ವಲ್ಪ ಗಮನ ಸೇರಿಸಿದರಾಯಿತು. ಹೆಡ್‌ಸೆಟ್ ಹಾಕಿ, ಎಎನ್‌ಆರ್ ಗುಂಡಿ ಒತ್ತಿ, ಆಮೇಲೆ ಎಂಜಿನ್ ಶುರು ಮಾಡಿ. ಎಂಜಿನ್ನನ್ನು ರೋಟರಿಗೆ ಜೋಡಿಸುವ ಬೆಲ್ಟ್ ಬಿಗಿದು ಕ್ಲಚ್ ದೀಪ ಆರಿ, ಬಿಸಿಯೇರಿ, ಸುತ್ತು ಮೇಲಕ್ಕೆ ಬಂದ ಮೇಲೆ ಕಲೆಕ್ಟಿವ್ ಒಂಚೂರು ಎತ್ತಿ ಹಿಡಿದು ಥ್ರಾಟಲ್ ಮೆಲ್ಲಗೆ ಇಳಿಸಿ. ಶೇ 97ರಲ್ಲಿ ಹಾರ್ನ್ ಮತ್ತು ದೀಪ ಎರಡೂ ಬರಬೇಕು. ಬಹಳ ವಿದ್ಯಾರ್ಥಿಗಳು ಇಲ್ಲಿ ದೀಪ ನೋಡಿ 'ಓಕೆ' ಅಂದುಬಿಡುತ್ತಾರೆ. ಇನ್‌ಸ್ಟ್ರಕ್ಟರ್ ದೀಪದ ಮೇಲೆ ಅಂಗೈ ಮುಚ್ಚಬೇಕು. ವಿದ್ಯಾರ್ಥಿ ಕಣ್ಣನ್ನು ಹೊರಗಿಟ್ಟು, ಹಾರ್ನ್ ಕೇಳಿದ ಕ್ಷಣ ಬಾಯಲ್ಲಿ ಹೇಳಬೇಕು. ಹೇಳಿದಾಗ ಸೂಚಿ 97ರ ಬಳಿ ಇದ್ದರೆ ಸರಿ. 95ಕ್ಕೆ ಇಳಿದಿದ್ದರೆ ಇಂಟರ್‌ಕಾಮಿನ ದನಿ ಜೋರಾಗಿದೆಯೋ, ಬೇರೆ ಮಾತು ನಡೆದಿತ್ತೋ ನೋಡಿ ಮತ್ತೊಮ್ಮೆ ಮಾಡಿ. ಎರಡನೆಯ ಸಲವೂ ಕೇಳದಿದ್ದರೆ ಆ ಹೆಡ್‌ಸೆಟ್ ಆ ಯಂತ್ರಕ್ಕೆ ಆಗಿಬರುವುದಿಲ್ಲ. ಬೇರೆ ಯಂತ್ರದಲ್ಲಿ ಕೇಳಿತ್ತು ಎಂಬುದು ಲೆಕ್ಕಕ್ಕಿಲ್ಲ.

ಹಾರ್ನಿನ ಬಗ್ಗೆ ಇನ್ನೊಂದು ವಿಷಯವನ್ನು ವಿದ್ಯಾರ್ಥಿಗೆ ಮೊದಲ ವಾರದಲ್ಲೇ ಹೇಳಬೇಕು. ಕಲೆಕ್ಟಿವ್ ಪೂರ್ತಿ ಕೆಳಗಿದ್ದಾಗ ಒಂದು ಸಣ್ಣ ಸ್ವಿಚ್ಚು ಹಾರ್ನನ್ನು ಸುಮ್ಮನಾಗಿಸುತ್ತದೆ. ನೆಲದ ಮೇಲೆ ಐಡಲಿನಲ್ಲಿ ನಿಂತಾಗ ಅದು ಬೊಬ್ಬೆ ಹಾಕದಿರಲಿ ಎಂದು ಮಾಡಿದ ಏರ್ಪಾಟಿದು. ಆದರೆ ಎಂಜಿನ್ನಿನ ಶಕ್ತಿಯಿಲ್ಲದೆ, ಕೆಳಗಿನಿಂದ ಬರುವ ಗಾಳಿಗೇ ರೋಟರ್ ತಿರುಗುತ್ತ ಇಳಿಯುವ ಆಟೊರೊಟೇಶನ್ ಶುರುವಾದಾಗಲೂ ಕಲೆಕ್ಟಿವ್ ಪೂರ್ತಿ ಕೆಳಗೇ ಇರುತ್ತದೆ. ಆ ಹೊತ್ತಿನಲ್ಲಿ ಸುತ್ತು 97ಕ್ಕಿಂತ ಕೆಳಗೆ ಹೋದರೂ ಹಾರ್ನ್ ಕೂಗುವುದಿಲ್ಲ. ಆಗ ಇರುವುದು ಸೂಚಿ ಮತ್ತು ಕಿವಿ. ಎಂಜಿನ್ ಐಡಲಿಗೆ ಬಂದಿರುವುದರಿಂದ ಅದರ ಗುಡುಗು ಹಿಂದೆ ಸರಿದು, ತಲೆಯ ಹಿಂಬದಿಯಿಂದ ಗೇರ್‌ಬಾಕ್ಸಿನ ಕೊರೆಯುವ ದನಿ ಮುಂದೆ ಬರುತ್ತದೆ. ಸುತ್ತು ಏರಿದರೆ ಆ ದನಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಇದು ಮೇಲಿನ ಸ್ಥಾಯಿಯ ದನಿ, ಎಎನ್‌ಆರ್ ಇದನ್ನು ಅಳಿಸುವುದಿಲ್ಲ. ಆರ್22ರಲ್ಲಿ 65 ನಾಟ್ ವೇಗದಲ್ಲಿ ಇಳಿಯುತ್ತ, ನೆಲದಿಂದ 40 ಅಡಿಯ ಸುಮಾರಿಗೆ ಮೂಗೆತ್ತಿದಾಗ ಈ ದನಿ ಮೇಲೇರುವುದನ್ನು ಕೇಳಿಸಿಕೊಳ್ಳುವ ವಿದ್ಯಾರ್ಥಿಗೆ ಸೂಚಿ ನೋಡಲು ಕಣ್ಣು ಒಳಗೆ ತರಬೇಕಾಗಿಲ್ಲ. ಸದ್ದು ಕೇಳುವ ವಿದ್ಯೆಗೆ ಅತಿ ಹೆಚ್ಚು ಬೆಲೆ ಬರುವುದು ಇಲ್ಲೇ, ಮತ್ತು ಇಲ್ಲಿ ಎಎನ್‌ಆರ್ ಅಡ್ಡಿಯಲ್ಲ.

ಈಗ ಕಿವಿಯ ಆರೋಗ್ಯದ ಲೆಕ್ಕ. ಸಣ್ಣ ಪಿಸ್ಟನ್ ಹೆಲಿಕಾಪ್ಟರುಗಳ ಒಳಗೆ 90ರಿಂದ 100 ಡೆಸಿಬೆಲ್ ಸದ್ದು ಮಾಮೂಲು. ಬಾಗಿಲು ತೆಗೆದು ಹಾರಿದರೆ ಇನ್ನೂ ಹೆಚ್ಚು. 98 ಎಂದು ಹಿಡಿಯೋಣ. ಒಳ್ಳೆಯ ಸಾದಾ ಹೆಡ್‌ಸೆಟ್ಟಿನ ಮೇಲೆ 23 ಡೆಸಿಬೆಲ್ ತಗ್ಗಿಸುತ್ತದೆ ಎಂದು ಬರೆದಿರುತ್ತದೆ. ಅದು ಪ್ರಯೋಗಾಲಯದಲ್ಲಿ, ಕನ್ನಡಕವಿಲ್ಲದ, ನೆಟ್ಟಗೆ ಕೂತ ತಲೆಯ ಮೇಲಿನ ಅಂಕಿ. ಕೆಲಸದ ಜಾಗಕ್ಕೆ ಬಳಸುವ ರೂಢಿಯ ಲೆಕ್ಕದಲ್ಲಿ 7 ಕಳೆದು ಅರ್ಧ ಮಾಡುತ್ತಾರೆ: ಉಳಿಯುವುದು 8. ಅಂದರೆ ಕಿವಿಗೆ 90 ಡೆಸಿಬೆಲ್. ದಿನಕ್ಕೆ 8 ಗಂಟೆಗೆ 85, ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕೆ ಇಳಿಯಬೇಕು ಎಂಬ ಮಿತಿಯಲ್ಲಿ ನೋಡಿದರೆ 90ಕ್ಕೆ ಸಿಗುವುದು ಸುಮಾರು ಎರಡೂವರೆ ಗಂಟೆ. ದಿನಕ್ಕೆ ಒಂದೂವರೆ ಗಂಟೆ ಹಾರುವ ವಿದ್ಯಾರ್ಥಿ ಇದರೊಳಗೆ ಬಂದಾನು. ಬೆಳಗ್ಗಿನಿಂದ ಸಂಜೆಯವರೆಗೆ ಒಬ್ಬರಾದ ಮೇಲೊಬ್ಬರನ್ನು ಕೂರಿಸಿಕೊಂಡು ಐದು ಗಂಟೆ ಹಾರಿಸುವ ಇನ್‌ಸ್ಟ್ರಕ್ಟರ್ ಬರುವುದಿಲ್ಲ. ವಿದೇಶದಲ್ಲಿ ಕಲಿಯುವವರು ಲೈಸೆನ್ಸಿಗೆ ಬೇಕಾದ 150 ಗಂಟೆ ಮುಗಿಸಿ, ಗಂಟೆ ಹೆಚ್ಚಿಸಿಕೊಳ್ಳಲು ಮೊದಲು ಹಿಡಿಯುವ ಕೆಲಸ ಬಹುಪಾಲು ಇದೇ. ಇಂದಿನ ವಿದ್ಯಾರ್ಥಿ ಎರಡು ವರ್ಷದಲ್ಲಿ ಆ ಸೀಟಿನಲ್ಲಿರುತ್ತಾನೆ.

ಎಎನ್‌ಆರ್ ಹಾಕಿದರೆ ಈ 90 ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳಿದರೆ, ಕಿವಿಗೆ ಅನಿಸಿದಷ್ಟು ಇಳಿಯುವುದಿಲ್ಲ ಎಂದೇ ಹೇಳಬೇಕು. ಗುಂಡಿ ಒತ್ತಿದಾಗ ಯಂತ್ರವೇ ಸುಮ್ಮನಾದಂತೆ ಅನಿಸುತ್ತದೆ ನಿಜ. ಆದರೆ ಶ್ರವಣಹಾನಿ ಅಳೆಯುವ ಮಾಪಕ ತಗ್ಗಿನ ಸದ್ದಿಗೆ ಕಡಿಮೆ ತೂಕ ಕೊಡುತ್ತದೆ, ಎಎನ್‌ಆರ್ ಅಡಗಿಸುವುದು ಅದೇ ಸದ್ದನ್ನು. ನಿಜವಾದ ಲಾಭ ಬೇರೆ ಎರಡು ಕಡೆ ಇದೆ. ಒಂದು, ಗುಡುಗು ತಗ್ಗಿದ ಮೇಲೆ ರೇಡಿಯೊ ಮತ್ತು ಇಂಟರ್‌ಕಾಮಿನ ದನಿಯನ್ನು ಅಷ್ಟು ಜೋರು ಇಟ್ಟುಕೊಳ್ಳಬೇಕಾಗಿಲ್ಲ. ಗದ್ದಲದ ಮೇಲೆ ಕೇಳಲಿ ಎಂದು ದನಿ ಏರಿಸಿ ಏರಿಸಿ ಕಿವಿ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಎರಡು, ದಣಿವು. ಒಂದು ಗಂಟೆ ಆ ಗುಡುಗಿನಲ್ಲಿ ಕೂತ ವಿದ್ಯಾರ್ಥಿ ಕೊನೆಯ ಹದಿನೈದು ನಿಮಿಷ ಕಲಿಯುವುದು ಅಲ್ಪ. ಅದರ ಜೊತೆಗೆ, ಕನ್ನಡದಲ್ಲೋ ಕನ್ನಡ ಬೆರೆತ ಇಂಗ್ಲಿಷಿನಲ್ಲೋ ಬೆಳೆದ ಮಗು ಅಮೆರಿಕದ ಕಂಟ್ರೋಲರ್ ಒಂದೇ ಉಸಿರಿನಲ್ಲಿ ಹೇಳುವ ಸೂಚನೆಯನ್ನು ಹಿಡಿದು ತಿರುಗಿ ಒಪ್ಪಿಸಬೇಕು. ಮಾತಿನಲ್ಲಿ ಅರ್ಥ ತಿಳಿಸುವ ವ್ಯಂಜನಗಳೆಲ್ಲ ಮೇಲಿನ ಸ್ಥಾಯಿಯ ಸಣ್ಣ ಸದ್ದುಗಳು, ಗುಡುಗಿನಲ್ಲಿ ಮೊದಲು ಮುಳುಗುವುದು ಅವೇ. 'ಫಿಫ್ಟೀನ್', 'ಫಿಫ್ಟಿ' ಇವುಗಳ ವ್ಯತ್ಯಾಸ ಕೇಳಿಸಬೇಕಾದ ವಿದ್ಯಾರ್ಥಿಗೆ ಎಎನ್‌ಆರ್ ಬೇಡ ಎನ್ನಲು ನಮಗೆ ಕಾರಣ ಕಾಣುವುದಿಲ್ಲ.

ಎಎನ್‌ಆರ್‌ನಿಂದ ತೊಂದರೆಗಳೂ ಇವೆ, ಬಹುಪಾಲು ತಪ್ಪಿಸಬಹುದಾದವು. ಮೊದಲನೆಯದು ಬ್ಯಾಟರಿ. ಎರಡು ಡಬಲ್ ಎ ಸೆಲ್ಲು ಹಾರಾಟದ ಮಧ್ಯೆ ಮುಗಿದರೆ ಗುಡುಗು ಒಮ್ಮೆಲೇ ತಲೆಯೊಳಗೆ ನುಗ್ಗುತ್ತದೆ. ಹತ್ತು ಗಂಟೆಯಷ್ಟೂ ಹಾರಿರದ ವಿದ್ಯಾರ್ಥಿ ಎಂಜಿನ್ನಿಗೇ ಏನೋ ಆಯಿತೆಂದು ಬೆದರಿ ಕಲೆಕ್ಟಿವ್ ಜಗ್ಗುತ್ತಾನೆ ಅಥವಾ ಥ್ರಾಟಲ್ ಬಿಗಿ ಹಿಡಿಯುತ್ತಾನೆ. ಬಿಗಿ ಹಿಡಿದರೆ ಗವರ್ನರಿಗೆ ಥ್ರಾಟಲ್ ತಿರುವಲಾಗದು, ಅಲ್ಲಿಂದ ನಿಜವಾದ ತೊಂದರೆ ಶುರು. ಇದರ ತಿರುಗುಮುರುಗು ಇನ್ನೂ ಕೆಟ್ಟದ್ದು: ಹಾರುವಾಗ ನೆನಪಾಗಿ ಗುಂಡಿ ಒತ್ತಿದರೆ ಎಂಜಿನ್ ನಿಂತೇಹೋದಂತೆ ಅನಿಸುತ್ತದೆ. ಆದ್ದರಿಂದ ಎಂಜಿನ್ನಿಗೆ ಮೊದಲು ಎಎನ್‌ಆರ್, ಎಂಜಿನ್ ನಿಂತ ಮೇಲೆ ಆಫ್. ಸೂಚಕ ದೀಪ ಕೆಂಪಿಗೆ ತಿರುಗಿದ್ದರೆ ನೆಲದ ಮೇಲೇ ಸೆಲ್ ಬದಲಿಸಿ, ಜೇಬಲ್ಲಿ ಇನ್ನೊಂದು ಜೊತೆ ಇರಲಿ. ಐದನೇ ಪಾಠದ ಹೊತ್ತಿಗೆ ಇನ್‌ಸ್ಟ್ರಕ್ಟರ್ ಸುರಕ್ಷಿತ ಎತ್ತರದಲ್ಲಿ ಮೊದಲೇ ಹೇಳಿ ಒಮ್ಮೆ ಎಎನ್‌ಆರ್ ಆರಿಸಿ ತೋರಿಸಲಿ. ಆ ಬೆದರಿಕೆ ಅಲ್ಲಿಗೆ ಮುಗಿಯುತ್ತದೆ.

ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದರೆ ಆ ಸಂದಿಯಿಂದ ಗುಡುಗು ಒಳಬರುತ್ತದೆ, ಎಎನ್‌ಆರ್ ಅದರ ಹಿಂದೆ ಓಡಿ ಸುಸ್ತಾಗುತ್ತದೆ. ತೆಳ್ಳನೆಯ, ನೇರ ಕಡ್ಡಿಯ ಕನ್ನಡಕ ಬಳಸಿ. ಟೋಪಿಯ ಅಂಚು, ಜಡೆಯ ಕ್ಲಿಪ್ಪು ಮೆತ್ತೆಯ ಕೆಳಗೆ ಸಿಕ್ಕದಿರಲಿ. ಮೆತ್ತೆ ಗಟ್ಟಿಯಾಗಿ ಸುಕ್ಕುಗಟ್ಟಿದರೆ ಬದಲಿಸಿ. ಬಾಗಿಲು ತೆಗೆದು ಹಾರುವಾಗ ಗಾಳಿಯ ಹೊಡೆತಕ್ಕೆ ಕೆಲವು ಎಎನ್‌ಆರ್‌ಗಳು ಒಳಗೇ 'ಟಪ್ ಟಪ್' ಎನ್ನತೊಡಗುತ್ತವೆ, ಆಗ ಆರಿಸಿಬಿಡುವುದೇ ಮೇಲು. ಡಬ್ಬಿಯ ಮೇಲೆ ಬರೆದ ಡೆಸಿಬೆಲ್ ಅಂಕಿ ಎಎನ್‌ಆರ್ ಆರಿಸಿ ಅಳೆದದ್ದು ಎಂಬುದೂ ನೆನಪಿರಲಿ. ಹಗುರವಾಗಿದೆ ಎಂದು ಕೊಂಡ ಎಎನ್‌ಆರ್ ಸೆಲ್ ಮುಗಿದಾಗ ಹಳೆಯ ಭಾರದ ಹೆಡ್‌ಸೆಟ್ಟಿಗಿಂತ ಕಡಿಮೆ ಕಾಪಾಡಬಹುದು.

ಪ್ಲಗ್ಗು ನೋಡದೆ ಕೊಂಡವರು ಬಹಳ. ಸಣ್ಣ ವಿಮಾನಗಳ ಹೆಡ್‌ಸೆಟ್ಟಿಗೆ ಎರಡು ಪ್ಲಗ್ಗು, ಒಂದು ದಪ್ಪ ಒಂದು ಸಣ್ಣ. ಹೆಲಿಕಾಪ್ಟರಿನದು ಯು-174 ಎನ್ನುವ ಒಂಟಿ ಪ್ಲಗ್ಗು, ಸುರುಳಿ ತಂತಿ. ಅಡಾಪ್ಟರ್ ಹಾಕಿ ನಡೆಸಬಹುದು, ಆದರೆ ಅದು ಸಡಿಲವಾಗುವ ಇನ್ನೊಂದು ಗಂಟು. ಸೇನೆಯ ಹಳೆಯ ಹೆಡ್‌ಸೆಟ್ ಸೋವಿಯಲ್ಲಿ ಸಿಕ್ಕಿತೆಂದು ತರಬೇಡಿ. ಪ್ಲಗ್ಗು ಕೂತರೂ ಒಳಗಿನ ವಿದ್ಯುತ್ ರೋಧ ಬೇರೆ, ದನಿ ಪಿಸುಗುಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಜಾಗ್ರತೆ ಬೇಕಾದ್ದು ತಂತಿಯ ನಡುವೆ ತೂಗುವ ಬ್ಯಾಟರಿ ಪೆಟ್ಟಿಗೆಗೆ. ಅಂಗೈ ತುಂಬುವ ಆ ಪೆಟ್ಟಿಗೆ ಸೀಟಿನ ಪಕ್ಕಕ್ಕೆ ಜಾರಿ ಕಲೆಕ್ಟಿವ್ ಕೆಳಗೆ ಕೂತರೆ, ಎಂಜಿನ್ ನಿಂತ ಆ ಒಂದೆರಡು ಸೆಕೆಂಡಿನಲ್ಲಿ ಕಲೆಕ್ಟಿವ್ ಕೆಳಗಿಳಿಯುವುದಿಲ್ಲ. ಪೆಟ್ಟಿಗೆಯನ್ನು ಭುಜದ ಬೆಲ್ಟಿಗೋ ಅಂಗಿಗೋ ಕ್ಲಿಪ್ ಹಾಕಿ, ಕಲೆಕ್ಟಿವನ್ನು ತಳದಿಂದ ತುದಿಯವರೆಗೆ, ಸೈಕ್ಲಿಕ್ಕನ್ನು ನಾಲ್ಕೂ ಮೂಲೆಗೆ ಆಡಿಸಿ ತಂತಿ ಎಲ್ಲೂ ತೊಡರದು ಎಂದು ನೋಡಿದ ಮೇಲೆಯೇ ಕೀಲಿ ತಿರುಗಿಸಿ. ಬ್ಲೂಟೂತ್ ಕಲಿಕೆಯ ಉದ್ದಕ್ಕೂ ಆಫ್ ಇರಲಿ. ಹಾಡು ಕೇಳುವ ಎಎನ್‌ಆರ್ ಹೆಡ್‌ಫೋನಿಗೆ ಮೈಕ್ ಸಿಕ್ಕಿಸಿ ಬಳಸುವುದನ್ನಂತೂ ಶಾಲೆಗಳು ಸ್ಪಷ್ಟವಾಗಿ ನಿಷೇಧಿಸಬೇಕು. ಅವು ಬಸ್ಸು, ವಿಮಾನದ ಪ್ರಯಾಣಿಕರಿಗೆ ಮಾಡಿದವು. ಕೆಲವು ಚಾರ್ಜ್ ಮುಗಿದರೆ ಮಾತನ್ನೂ ದಾಟಿಸುವುದಿಲ್ಲ.

ಹಾಗಾದರೆ ಸದ್ದು ಕೇಳುವ ಪಾಠ ಯಾವಾಗ? ಒಂಟಿ ಹಾರಾಟಕ್ಕೆ ಮೊದಲು ಪ್ರತಿ ಪಾಠದಲ್ಲಿ ಒಂದು ಸರ್ಕ್ಯೂಟ್ (ಏರಿ, ಮೈದಾನ ಬಳಸಿ ಬಂದು ಇಳಿಯುವುದು) ಎಎನ್‌ಆರ್ ಆರಿಸಿ ಹಾರಿಸಿ. ಬಟ್ಟಲು ಕಿವಿ ಮೇಲೇ ಇರುವುದರಿಂದ ರಕ್ಷಣೆ ತಪ್ಪುವುದಿಲ್ಲ. ಗವರ್ನರ್ ಆರಿಸಿ ಥ್ರಾಟಲ್ ಕೈಯಲ್ಲಿ ನಡೆಸುವ ಪಾಠಗಳನ್ನು ಕೊನೆಗೆ ತಳ್ಳದೆ ಬೇಗ ತನ್ನಿ. ಸಾಕಷ್ಟು ಎತ್ತರದಲ್ಲಿ ಇನ್‌ಸ್ಟ್ರಕ್ಟರ್ ಸುತ್ತಿನ ಸೂಚಿಯಾದ ಟ್ಯಾಕೋಮೀಟರ್ ಮುಚ್ಚಿ ಸುತ್ತನ್ನು 104ರಿಂದ 100ರವರೆಗೆ ನಿಧಾನ ಇಳಿಸಲಿ, 'ಇಳಿಯುತ್ತಿದೆ' ಎಂದು ವಿದ್ಯಾರ್ಥಿ ಹೇಳಲಿ. ಮೊದಲು ಎಎನ್‌ಆರ್ ಆರಿಸಿ, ಆಮೇಲೆ ಹಾಕಿ. ಎಎನ್‌ಆರ್ ಸದ್ದಿನ ಗಾತ್ರ ತಗ್ಗಿಸುತ್ತದೆಯೇ ಹೊರತು ಶ್ರುತಿ ಬದಲಿಸುವುದಿಲ್ಲ. ನಾಲ್ಕಾರು ಸಲ ಮಾಡಿದ ಮೇಲೆ ಎರಡರಲ್ಲೂ ಅದೇ ಜಾರುವಿಕೆಯನ್ನು ಕಿವಿ ಹಿಡಿಯುತ್ತದೆ. ಹಿಡಿದ ಕೂಡಲೇ ಥ್ರಾಟಲ್ ತೆರೆಯುತ್ತ ಕಲೆಕ್ಟಿವ್ ಇಳಿಸುವುದು, ಮುಂದಕ್ಕೆ ಹಾರುತ್ತಿದ್ದರೆ ಸೈಕ್ಲಿಕ್ ಹಿಂದಕ್ಕೆಳೆಯುವುದು. ಹಾರ್ನ್ ಬರುವವರೆಗೆ ಕಾಯಬಾರದು.

ಬರಿಗಿವಿಯಿಂದಲೇ ಕೇಳಬೇಕಾದ ಸದ್ದೂ ಒಂದಿದೆ, ಅದನ್ನು ಯಾವ ಹೆಡ್‌ಸೆಟ್ ಹಾಕಿದವರೂ ಬಿಡಬಾರದು. ಹಾರುವ ಮೊದಲಿನ ಎಂಜಿನ್ ಪರೀಕ್ಷೆ, ಅಂದರೆ ರನ್-ಅಪ್ ಮಾಡುವಾಗ ಮತ್ತು ಎಂಜಿನ್ ನಿಲ್ಲಿಸುವಾಗ ಬಲಗಡೆಯ ಬಾಗಿಲು ತೆರೆದು, ಒಂದು ಕಿವಿಯ ಬಟ್ಟಲು ಸರಿಸಿ, ಬೇರಿಂಗುಗಳ ಸದ್ದು ಕೇಳಿ ಎಂದು ರಾಬಿನ್ಸನ್ ಕೈಪಿಡಿಯೇ ಹೇಳುತ್ತದೆ. ಕೆಡುತ್ತಿರುವ ಬೇರಿಂಗು ಮುರಿಯುವುದಕ್ಕೆ ಬಹಳ ಮೊದಲೇ ಕೊರಗತೊಡಗುತ್ತದೆ ಅಥವಾ ಗುರುಗುಟ್ಟುತ್ತದೆ. ಹಾರಾಟ ಮುಗಿದ ಖುಷಿಯಲ್ಲಿ ಲಾಗ್‌ಬುಕ್ ತೆಗೆಯುವ ವಿದ್ಯಾರ್ಥಿಗೆ ಈ ಅರ್ಧ ನಿಮಿಷ ಬೇಸರದ್ದು. ಇನ್‌ಸ್ಟ್ರಕ್ಟರ್ ತಾನೂ ಮಾಡಿ ಅವನಿಂದಲೂ ಮಾಡಿಸಬೇಕು. ನಿನ್ನೆಯ ಸದ್ದು ಕಿವಿಯಲ್ಲಿ ಇದ್ದವರಿಗೆ ಮಾತ್ರ ಇವತ್ತಿನದು ಬೇರೆ ಎಂದು ಗೊತ್ತಾಗುತ್ತದೆ.

ತರಬೇತಿ ಶಾಲೆಗಳಿಗೆ ನಮ್ಮ ಕೋರಿಕೆ ಇಷ್ಟು. ಹೆಡ್‌ಸೆಟ್ ಹಾಕಿ ಹಾರ್ನ್ ಕೇಳಿಸಿಕೊಳ್ಳುವ ಪರೀಕ್ಷೆಯನ್ನು ನಿಮ್ಮ ಚೆಕ್‌ಲಿಸ್ಟಿನಲ್ಲಿ ಪ್ರತ್ಯೇಕ ಸಾಲಾಗಿ ಬರೆಯಿರಿ. ಹಾರ್ನ್ ಕ್ಯಾಬಿನ್ನಿನಲ್ಲಷ್ಟೇ ಕೂಗುವ ಯಂತ್ರವಿದ್ದರೆ ಅದನ್ನು ಇಂಟರ್‌ಕಾಮಿಗೂ ಜೋಡಿಸಲು ಅನುಮೋದಿತ ದಾರಿ ಇದೆಯೇ ಎಂದು ನಿರ್ವಹಣೆಯವರನ್ನು ಕೇಳಿ. ಪೋಷಕರಿಗೂ ಒಂದು ಮಾತು. ಪ್ರಥಮ ದರ್ಜೆಯ ವೈದ್ಯಕೀಯ ತಪಾಸಣೆಯಲ್ಲಿ ಶ್ರವಣದ ಮಿತಿ ಇರುವುದು 500, 1000, 2000 ಮತ್ತು 3000 ಕಂಪನಗಳಿಗೆ. ಗದ್ದಲದಿಂದ ಕಿವಿ ಕೆಡುವುದು ಸಾಮಾನ್ಯವಾಗಿ 4000ದ ಆಸುಪಾಸಿನಲ್ಲಿ ಶುರುವಾಗುತ್ತದೆ. ಪ್ರಮಾಣಪತ್ರ ಸಿಗುತ್ತಲೇ ಇರುತ್ತದೆ, ಕಿವಿ ಸವೆಯುತ್ತಲೇ ಇರುತ್ತದೆ. ಮಗ ಅಥವಾ ಮಗಳು ಮೊದಲ ಸಲ ಹೆಲಿಕಾಪ್ಟರ್ ಹತ್ತುವ ಮೊದಲು 4000 ಮತ್ತು 6000ವನ್ನೂ ಸೇರಿಸಿ ಒಂದು ಆಡಿಯೊಗ್ರಾಮ್ (ಶ್ರವಣ ಪರೀಕ್ಷೆ) ಮಾಡಿಸಿ, ಹಾಳೆಯನ್ನು ಜೋಪಾನವಾಗಿಡಿ. ವರ್ಷಕ್ಕೊಮ್ಮೆ ಅದರ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿ.

ಇಂತು,
ಹೆಲಿಕಾಪ್ಟರ್ ಹಾರಾಟ ತರಬೇತಿ ಮತ್ತು ನಿರ್ವಹಣೆಯ ಕೆಲಸದಲ್ಲಿರುವ ಕೆಲವರು
ಬೆಂಗಳೂರು